ಮೂವತ್ತೊಂದನೇ ಕಿಸೆ

ಬೆಟಗೇರಿಯ ನಮ್ಮ ಕಾಲೇಜಿನ್ಯಾಗ
ಪಿಯು ಎರಡನೇ ವರ್ಷ, ಬಿ ವಿಭಾಗ,
ಬಾಗಲದ ಹಿಂದ ಒಂದು ಅರಿವಿ ತೂಗತೈತಿ:
ನಲವತ್ತೆಂಟು ಕಿಸೆ.
ಹೊಲಿದಾಕಿ ಮೌಲಾಬಿ. ಅರಿವಿ, ಮಗ್ಗದಾಗ
ಅಂಚು ಕೆಟ್ಟು ಮಾರಾಟಕ್ಕ ಹೋಗಲಾರದ ಸೀರಿ.
ಕಿಸೆಗೊಂದು ನಂಬರು, ಹಾಜರಿ ಪುಸ್ತಕದ್ದ.
'ಗುಡಿ ಮುಂದಿನ ಚಪ್ಪಲಿ ಸ್ಟ್ಯಾಂಡ್ ಆತಲ್ರಿ ಇದು'
ಅಂದ ಫಕ್ಕೀರಪ್ಪ, ಮೊಳಿ ಬಡಕೋತ.

ಮೊದಲನೇ ದಿನ ಅವರ ಮಾರಿ ನೋಡಬೇಕಿತ್ತು.
ಹಲ್ಲು ಕೀಳಿಸಿಕೊಳ್ಳಾಕ ಬಂದವರಂಗ
ಒಬ್ಬೊಬ್ಬರ ಬಂದು ಫೋನು ಇಟ್ಟು ಹೋದ್ರು.
ರಜಾಕ ನದಾಫ ಎರಡು ಸಲ ತಿರುಗಿ ನೋಡಿದ,
ಬಾಲವಾಡಿಗೆ ಕೂಸಿನ್ನ ಬಿಟ್ಟು ಬಂದ ತಾಯಿಯಂಗ.
ವಿನೋದ ಕಬಾಡಿ ಅಂದ:
'ಮೇಡಮ್ಮರ, ಅಪ್ಪಗ ಅರಾಮಿಲ್ಲ, ಫೋನು ಬರಬಹುದು.'
ಅವರಪ್ಪ ಅದ ಹೊತ್ತಿಗೆ ಗೇಟಿನ ಮುಂದ
ಗಿರಮಿಟ್ಟು ತಿನ್ನಾಕತ್ತಿದ್ದ, ಕಿಟಕಿಯಾಗ ಕಾಣತಿದ್ದ.
ನಾ ಏನೂ ಅನಲಿಲ್ಲ.

ಆ ವಾರ ಪಾಠ ಮಾಡೋದು ಭಾಳ ಕಷ್ಟಾತು.
ಕಿಸೆಗಳು ಗುಂಯ್ ಅಂತಿದ್ವು,
ಕಡ್ಡಿಪೆಟಗ್ಯಾಗ ಜೀರಂಗಿ ಹಾಕಿಟ್ಟಂಗ.
ಒಂದು ನಡುಗಿತಂದ್ರ ಎಲ್ಲಾ ಕುತ್ತಿಗಿ ಹೊರಳತಿದ್ವು,
ಬೋರ್ಡಿನ ಮ್ಯಾಲ ಬೆಂಜೀನಿನ ಆರು ಮೂಲಿ ಬರಕೋತ
ನಾ ನಾಕಕ್ಕ ನಿಂತಬಿಡತಿದ್ದೆ.
ಖರೇ ಹೇಳತೀನಿ: ಮೇಜಿನ ಖಾನ್ಯಾಗ ನಂದೂ ಒಂದಿತ್ತು,
ಅದು ನಡುಗಿದಾಗ ನನ್ನ ಕುತ್ತಿಗಿನೂ.

ಎರಡನೇ ವಾರ ಯಾರೋ ಕಿಟಕಿ ಹೊರಗ ನೋಡಿದ್ರು.
ಯಾರೋ ಬಾಯಿ ತುಂಬ ಆಕಳಿಸಿದ್ರು.
ಹಿಂದಿನ ಬೆಂಚಿನ್ಯಾಗ ಚೀಟಿ ಓಡ್ಯಾಡಿತು,
ಕಾಗದದ್ದು!
ಹಿಡಿದು ಓದಿದೆ: 'ಮೇಡಮ್ಮರ ಚಪ್ಪಲಿ ಹೊಸಾವು.'
ಮಡಚಿ ಪರ್ಸಿನ್ಯಾಗ ಇಟ್ಟಗೊಂಡೆ.

ಮೊನ್ನೆ ಹುಡುಗರು ಲ್ಯಾಬಿಗೆ ಹೋದಾಗ
ಫಕ್ಕೀರಪ್ಪನ ಮೊಳಿ ಕಿತ್ತು ಅರಿವಿ ಬಿತ್ತು.
ಒಂದೊಂದ ಆರಿಸಿ ತುಂಬೂ ಮುಂದ
ಮೂವತ್ತೊಂದನೇದು ಕೈಗೆ ಬಂತು.
ಗುಲಾಬಿ ಕವರು, ಚಿಟ್ಟಿ ಚಿತ್ರ.
ತಣ್ಣಗಿತ್ತು. ಉಳಿದಾವೆಲ್ಲ
ಜ್ವರ ಬಂದ ಹುಡುಗರ ಹಣಿಯಂಗ ಬೆಚ್ಚಗ.
ಹೊಳ್ಳಿಸಿದೆ: ಗಾಜಿಲ್ಲ.
ಒಡದ ಪಾಟಿಯ ಚೂರು,
ಅಂಚು ಕಲ್ಲಿಗೆ ತಿಕ್ಕಿ ತಿಕ್ಕಿ ದುಂಡಗ ಮಾಡಿದ್ದು.
ತೂಕ ಬರೋಬ್ಬರಿ.

ಶಂಕ್ರವ್ವ ಹಾದಿಮನಿ. ಎರಡನೇ ಬೆಂಚು, ಕಿಟಕಿ ಕಡೆ.
ಎಲ್ಲಾರ ಸಾಲಿನ್ಯಾಗ ನಿಂತು
ದಿನಾ ತಂದಿಟ್ಟಾಳ. ದಿನಾ ಒಯ್ದಾಳ.
ಈ ನಿಯಮ ಬರಿಯೂ ಮುಂದ ನಾನು
ಕಸಗೊಳ್ಳೋದನ್ನಷ್ಟ ಲೆಕ್ಕ ಹಾಕಿದ್ದೆ.

ಸಂಜಿ ನಾಕೂವರಿಗೆ ಗಂಟಿ.
ಇಪ್ಪತ್ತೊಂಬತ್ತು. ಮೂವತ್ತು.
'ಮೂವತ್ತೊಂದು. ಜೋಪಾನವ್ವ, ಬಿದ್ದೀತು' ಅಂದೆ.
ಎರಡೂ ಕೈಲೆ ಇಸಗೊಂಡಳು.
ಬಾಗಲದಾಗ ನಿಂತು, ಉಳಿದವರಂಗ
ಕುತ್ತಿಗಿ ಬಗ್ಗಿಸಿ,
ಹೆಬ್ಬಟ್ಟಿಲೆ ಒಮ್ಮೆ ಸವರಿ ನೋಡಿದಳು,
ಏನರ ಬಂದೈತೇನು ಅಂತ.