ಓರೆಯಾಗಿ ಕೊಯ್ಯಬೇಕು

ಕೊನೆಯ ಲೋಕಲ್ ಹಿಡಿದು ಡೊಂಬಿವ್ಲಿಗೆ ಬಂದ ಕುಶಾಲನ ಹೆಗಲಲ್ಲಿ
ಪೇಪರು ಸುತ್ತಿದ ಸುಗಂಧರಾಜದ ಹೊರೆ,
ನಿದ್ದೆಹೋದ ಮಗುವನ್ನು ಹೊತ್ತ ಹಾಗೆ.
ಮುಲುಂದಿನ ಮಂಗಲ ಕಾರ್ಯಾಲಯದಲ್ಲಿ
ಕುರ್ಚಿ ಬಿಡಿಸುವವನು ಅವನು, ಮಡಚುವವನೂ ಅವನೇ.
ಯಾವತ್ತೂ ನಾಲ್ಕು ಕಡ್ಡಿ ತರುವವನು
ಇವತ್ತು ಇಷ್ಟೇಕೆ ಅಂದೆ.
‘ಇವತ್ತು ಬಿಡಿಸಿದ್ದಷ್ಟೇ, ವಾರಿಜಾ.
ಯಾರೂ ಕೂರಲಿಲ್ಲ.’
ಕೈಕಾಲು ತೊಳೆದು ಮಲಗಿಬಿಟ್ಟ.

ನನಗೆಲ್ಲಿಯ ನಿದ್ದೆ.
ಕಾಂಡವನ್ನು ಬಕೆಟ್ಟಿನಲ್ಲಿ ಮುಳುಗಿಸಿ
ನೀರೊಳಗೇ ಕೊಯ್ಯಬೇಕು, ಓರೆಯಾಗಿ.
ಹೊರಗೆ ಕೊಯ್ದರೆ ಗಾಳಿಯ ಗುಳ್ಳೆಯೊಂದು
ಗಂಟಲಲ್ಲಿ ಸಿಕ್ಕಿಕೊಂಡು
ನೀರಲ್ಲಿ ನಿಂತೇ ಬಾಯಾರಿ ಸಾಯುತ್ತದಂತೆ.
ನೆಟ್ಟಗೆ ಕೊಯ್ದರೆ ಬಾಟಲಿಯ ತಳಕ್ಕೆ ಬಾಯಿ ಒತ್ತಿ
ಕುಡಿಯಲಾಗದಂತೆ.
ಹೇಳಿಕೊಟ್ಟದ್ದು ಡೆಕೋರೇಶನ್ನಿನ ಘೋಲಪ್ ಮಾಮಾ,
ಬೆರಳ ತುಂಬ ಗುಲಾಬಿ ಮುಳ್ಳಿನ ಗೀರು.

ನೀರಿಗಿಳಿಯುವ ಎಲೆಗಳನ್ನೆಲ್ಲ ಕಿತ್ತೆ,
ಕೊಳೆಯುವುದು ಅವೇ ಮೊದಲು.
ಚಮಚ ಸಕ್ಕರೆ, ಅರ್ಧ ಲಿಂಬೆ,
ಬಿಳಿಬಟ್ಟೆಗೆ ಹಾಕುವ ಬ್ಲೀಚು ಎರಡೇ ಹನಿ.
ಪಾನಕ ಮಾಡಿದ ಹಾಗೆ, ಕೊನೆಗೆ ಚೂರು ವಿಷ.
ಹಾರ್ಲಿಕ್ಸ್ ಬಾಟಲಿ ಎರಡು, ಉಪ್ಪಿನಕಾಯಿಯ ಭರಣಿ,
ಸಾಲದೆ ಸ್ಟೀಲಿನ ಜಗ್ಗು.
ಬಾಳೆಯ ಚಿಪ್ಪನ್ನು ಮೋರಿಯ ಬದಿಗೆ ಸಾಗಿಸಿದೆ:
ಹಣ್ಣಾಗುವ ಹಣ್ಣಿನ ಉಸಿರು ತಾಗಿದರೆ
ಹೂವಿಗೆ ಒಂದೇ ರಾತ್ರಿಗೆ ಮುಪ್ಪು.

ಐದೂಮುಕ್ಕಾಲಿಗೆ ನಳ. ನಲವತ್ತು ನಿಮಿಷ.
ಕುಡಿಯಲು, ಅಡಿಗೆಗೆ, ಉಳಿದರೆ ಸ್ನಾನಕ್ಕೆ,
ಅದರೊಳಗಿಂದ ಕದ್ದು ಹೂವಿಗೆ.
‘ಅಗ ಬಾಯಿ, ಮೋರೆ ತೊಳೆಯಲು ನೀರಿಲ್ಲ,
ನೀನು ಕಡ್ಡಿಗಳಿಗೆ ಪಂಕ್ತಿ ಬಡಿಸುತ್ತೀಯಲ್ಲ!’
ಬಾಗಿಲಲ್ಲಿ ಪೆಡ್ಣೇಕರ್ ಕಾಕು.
ಹಳೆ ನೀರು ನೆಲ ಒರೆಸಲಿಕ್ಕೆ ಎಂದು ತೋರಿಸಿದೆ.
ಮೂಗು ಮುರಿದಳು,
ಹೋಗುವಾಗ ಆರು ಕಡ್ಡಿ ಒಯ್ದಳು.

ಯಾರದಂತೆ ಮದುವೆ?
ಥರ್ಮೋಕೋಲಿನ ಅಕ್ಷರ ಕಿತ್ತವನು ಕುಶಾಲನೇ.
ಮೃಣ್ಮಯೀ ಎಂದಿತ್ತಂತೆ. ಹುಡುಗನ ಹೆಸರು ಮರೆತಿದೆ.
ಬೇಡವೆಂದದ್ದು ಅವಳೋ, ಅವನೋ,
ಚಿನ್ನದ ತಕ್ಕಡಿಯೋ,
ಕುರ್ಚಿಯವರಿಗೆ ಯಾರು ಹೇಳುತ್ತಾರೆ.

ನಾಲ್ಕನೆಯ ದಿನ ಕೆಳಗಿನವು ಕಂದಿದವು.
ಸುಗಂಧರಾಜದ ರೀತಿಯೇ ಹಾಗೆ, ಬುಡದಿಂದ ಮೇಲಕ್ಕೆ.
ಬಾಡಿದ್ದನ್ನು ಚಿವುಟಿದರೆ ಮೇಲಿನ ಮೊಗ್ಗಿಗೆ ಸರದಿ.
ದಿನಾ ಅರ್ಧ ಅಂಗುಲ ಕೊಯ್ತ,
ದಿನಾ ಗಿಡ್ಡವಾಗುತ್ತ
ಜಗ್ಗಿನಿಂದ ಬಾಟಲಿಗೆ, ಬಾಟಲಿಯಿಂದ
ಚಹಾದ ಗ್ಲಾಸಿಗೆ ಇಳಿದವು.

ಏಳನೆಯ ದಿನ ಸುಮ್ಮನೆ ಲೆಕ್ಕ ಹಾಕಿದೆ:
ಇಷ್ಟು ಹೊತ್ತಿಗೆ ಅವರು ಸ್ಟ್ರಾಬೆರಿ ಡಬ್ಬಿ ಹಿಡಿದು
ಮಹಾಬಳೇಶ್ವರದಿಂದ ಇಳಿಯಬೇಕಿತ್ತು.
ಆ ಹುಡುಗಿಯ ಅಂಗೈಯ ಮೆಹಂದಿ ಹೋಗಿರಬಹುದೇ?
ಅದಕ್ಕೂ ಹಚ್ಚುವುದು ಇದನ್ನೇ,
ಸಕ್ಕರೆ ಕಲಸಿದ ಲಿಂಬೆರಸ,
ಬಣ್ಣ ಬಹಳ ದಿನ ನಿಲ್ಲಲಿ ಅಂತ.
ಈಗ ಎಲ್ಲೋ ಬೇಸಿನ್ನಿನ ಮುಂದೆ
ಉಜ್ಜುತ್ತಿರಬಹುದು, ಉಜ್ಜುತ್ತಲೇ ಇರಬಹುದು.
ಬ್ಲೀಚು ಮುಟ್ಟಬೇಡ ಮಗಾ,
ಚರ್ಮ ಸುಡುತ್ತದೆ.
ಅದು ತಾನಾಗಿ ಹೋಗುತ್ತದೆ.
ಯಾರೂ ಕೇಳದಂತೆ, ಗ್ಲಾಸಿಗೆ ಹೇಳಿದೆ.

ಹನ್ನೊಂದಕ್ಕೆ ಉಳಿದದ್ದು ಒಂದೇ ಕಡ್ಡಿ,
ತುದಿಯಲ್ಲಿ ಹಸಿರು ಕಾಳಿನಂಥ ಎರಡು ಮೊಗ್ಗು.
ಆ ತುದಿಯನ್ನು ಮೊದಲ ದಿನವೇ ಚಿವುಟಿಬಿಡು,
ಅವು ಅರಳುವುದಿಲ್ಲ, ಸುಮ್ಮನೆ ನೀರು ಕುಡಿಯುತ್ತವೆ
ಎಂದಿದ್ದ ಘೋಲಪ್ ಮಾಮಾ.
ಅದೊಂದನ್ನು ನಾನು ಕೇಳಿರಲಿಲ್ಲ.

ರಾತ್ರಿ ಕುಶಾಲ ಬರಿಗೈಯಲ್ಲಿ ಬಂದ.
‘ಇವತ್ತು ಕುರ್ಚಿ ಸಾಲದೆ ಜನ ನಿಂತೇ ಉಂಡರು’ ಅಂದ,
‘ಹೂವು ಮಾತ್ರ ಎಲ್ಲ ಪ್ಲಾಸ್ಟಿಕ್ಕು.’
ಅನ್ನ ಬಡಿಸಿದೆ.
ಕತ್ತರಿ ಎಲ್ಲಿಟ್ಟೆನೆಂದು ಹುಡುಕಿದೆ.