ಗುಳಿ ನಂಬರು ೨೧೭

ಕಂಬವಿಲ್ಲ. ಕಂಬ ಇದ್ದ ಕಡೆ
ಮಣ್ಣು ತುಸು ಕಪ್ಪು, ಅಷ್ಟೆ;
ಹಳದಿ ಮರಳಿನ ಮೇಲೆ ಯಾರೋ
ಒದ್ದೆ ಲೋಟ ಇಟ್ಟು ಎತ್ತಿಕೊಂಡ ಹಾಗೆ.
ಬಿಸಿಲು ಬಿದ್ದರೆ ಹತ್ತು ನಿಮಿಷದಲ್ಲಿ ಮಾಯ,
ಮೋಡ ಕವಿದರೆ ಮತ್ತೆ ಹಾಜರು.
ಯೂಟ್ಲಂಡಿನ ನವೆಂಬರಿನಲ್ಲಿ
ಮೋಡಕ್ಕೇನೂ ಬರವಿಲ್ಲ.

ಈ ಹೊಲದ ಮೇಲೆ ಹೆದ್ದಾರಿ ಹಾಯುತ್ತದೆ.
ನಮ್ಮ ಪಾಲಿಗೆ ಹನ್ನೊಂದು ದಿನ, ಮುನ್ನೂರ ನಾಲ್ಕು ಕಲೆ.
ಒಂದೊಂದಕ್ಕೂ ಒಂದು ನಂಬರು, ಒಂದು ಹಾಳೆ:
ಬಣ್ಣ. ಆಳ. ಅಂಚು.
ಇದು ಯಾವುದನ್ನು ಕಡಿದಿದೆ, ಇದನ್ನು ಯಾವುದು ಕಡಿದಿದೆ.
ತೀರ ಕೆಳಗೆ, ಎರಡೇ ಗೆರೆಯ ಜಾಗ: ಅರ್ಥ.

ಬೋದಿಲ್ ಕಲಿಸಿದ ಮೊದಲ ಪಾಠ,
ಅರ್ಧ ತೆಗೆ, ಅರ್ಧ ಬಿಡು.
ತೆಗೆದದ್ದು ಹೋಯಿತು. ಬಿಟ್ಟದ್ದರ ಗೋಡೆಯಲ್ಲಿ
ಹೋದದ್ದರ ಮುಖ ನೋಡು.
ಆಮೇಲೆ ಆ ಅರ್ಧವನ್ನೂ ತೆಗೆಯುತ್ತೇವೆ ಎಂಬುದನ್ನು ಮಾತ್ರ
ಬೆನ್ನು ತಿರುಗಿಸಿಕೊಂಡು ಹೇಳಿದಳು.

ಇನ್ನೂರ ಹದಿನೇಳು. ಕರಣೆ ಎಳೆದೆ.
ನೆಟ್ಟಗೆ ಇಳಿಯಬೇಕಾದ ಅಂಚು
ಮೇಲೆ ಬರುತ್ತ ಬರುತ್ತ ಬಾಯಿ ಸೊಟ್ಟ ಮಾಡಿಕೊಂಡಿತ್ತು.
'ಕೊಳೆತ ಕಂಬ ಹೀಗೆ ಮಾಡುವುದಿಲ್ಲ' ಅಂದ ಆಸ್ಗರ್,
ಈಗಷ್ಟೇ ಓದಿ ಬಂದವನು, ಬಾಯಿ ತುಂಬ ಸಿದ್ಧಾಂತ.
'ಕಿತ್ತಿದ್ದಾರೆ. ಯಜಮಾನ ಸತ್ತ, ಮನೆಯನ್ನೂ ಸಾಯಿಸಿದ್ದಾರೆ.
ಮನೆಗೂ ಒಂದು ಉತ್ತರಕ್ರಿಯೆ.'
ಬೋದಿಲ್ ಬೂಟಿನ ಮಣ್ಣು ಕೆರೆಯುತ್ತ
'ಓಕ್ ಮರ ದುಬಾರಿ' ಎಂದಳು.

ಮಾತು ಕೇಳುತ್ತ ನಿಂತಿದ್ದ ಲೌರಿಡ್ಸ್,
ಹೋದ ವರ್ಷದವರೆಗೆ ಹೊಲ ಅವನದು.
'ಬೇಲಿಗೂಟ ಕಿತ್ತಿದ್ದೀರಾ, ಯಾರಾದರೂ?'
ಮೂವರೂ ಇಲ್ಲ ಎಂದೆವು.
ನಲವತ್ತು ವರ್ಷದ ಕೆಳಗೆ ತಾನೇ ನೆಟ್ಟ ಗೂಟವನ್ನು
ಅಪ್ಪಿ ಹಿಡಿದು ಆಚೆ ಒಮ್ಮೆ, ಈಚೆ ಒಮ್ಮೆ
ಹಲ್ಲು ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ
ಉಸ್ಸೆಂದು ಎತ್ತಿ ಮಲಗಿಸಿದ.

ಅಲ್ಲೂ ಅರ್ಧ ತೆಗೆದೆವು, ಅರ್ಧ ಬಿಟ್ಟೆವು.
ಅದೇ ಸೊಟ್ಟ ಬಾಯಿ! ತದ್ರೂಪು!
ಆಸ್ಗರ್ ಫೋಟೊ ತೆಗೆದದ್ದೇ ತೆಗೆದದ್ದು.
ನೆಟ್ಟವನು ಇಲ್ಲೇ ಇದ್ದಾನೆ, ಕಿತ್ತದ್ದನ್ನು ಕಣ್ಣಾರೆ ಕಂಡೆವು,
ಇದಕ್ಕಿಂತ ಸಾಕ್ಷಿ ಬೇಕೆ?

ಲೌರಿಡ್ಸ್ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡ.
'ಆ ಪಕ್ಕದ್ದನ್ನೂ ನೋಡಿ ಬಿಡಿ,
ಅದನ್ನು ಯಾರೂ ಕಿತ್ತಿಲ್ಲ.'
ಅಗೆದೆವು. ಗೂಟ ನಿಂತೇ ಇದೆ,
ಬುಡದಲ್ಲಿ ಮಾತ್ರ ಅದೇ ಸೊಟ್ಟ ಬಾಯಿ.
'ನನ್ನದೊಂದು ಕೆಂದು ಹಸು ಇತ್ತು,' ಎಂದ,
'ಕತ್ತು ತುರಿಸಿದರೆ ಇಲ್ಲಿಗೇ ಬರೋಳು.
ಒಂಬತ್ತು ವರ್ಷ.'

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ದೂರದಲ್ಲಿ ಯಂತ್ರ ಹಿಂದೆ ಹಿಂದೆ ಸರಿಯುತ್ತ
ಪೀಂ ಪೀಂ ಎನ್ನುತ್ತಿತ್ತು.

ಎರಡು ಗೆರೆಯ ಜಾಗದಲ್ಲಿ ನಾನು ಬರೆದದ್ದು:
ಅಲುಗಾಡಿದೆ. ಕಾರಣ, ದುಃಖ
ಅಥವಾ ಜಿಪುಣತನ ಅಥವಾ ಹಸು.
ಬೋದಿಲ್ ಓದಿದಳು. ಒಂದಕ್ಕೂ ಕಾಟು ಹಾಕಲಿಲ್ಲ.
ದುಃಖದ ವಿಸರ್ಗ ಬಿಟ್ಟುಹೋಗಿತ್ತು,
ಹಾಕಿ ಕೊಟ್ಟಳು.

ಹನ್ನೊಂದನೆಯ ದಿನ ಸಂಜೆ
ಬೇಲಿಯ ಗುಳಿ ಮುಚ್ಚುವ ಮುನ್ನ
ಅವಳು ಜೇಬು ತಡಕಿ ಈ ವರ್ಷದ್ದೊಂದು ಕ್ರೋನ ಹುಡುಕಿದಳು,
ನಮ್ಮ ದೇಶದ್ದು, ನಡುವೆ ತೂತಿರುವುದು.
ಮುಂದೆ ಯಾರಾದರೂ ಅಗೆದರೆ ಮೋಸಹೋಗದಿರಲಿ,
ಇಲ್ಲಿ ಆಗಲೇ ಯಾರೋ ಕೈ ಹಾಕಿದ್ದರು
ಅಂತ ತಿಳಿಯಲಿ, ಎಂಬುದು ಪದ್ಧತಿ.
'ನಾಳೆ ಯಂತ್ರ ಇನ್ನೊಂದು ಗಜ ಕೆಳಗಿಳಿಯುತ್ತದಲ್ಲ,'
ಆಸ್ಗರ್ ಕೇಳಿದ, 'ಯಾರಿಗೆ ಇದು?'
ಅವಳು ನಾಣ್ಯ ಬಿಟ್ಟಳು. ಸದ್ದಾಗಲಿಲ್ಲ.
ಸಲಿಕೆಯ ಮೊದಲ ಮಣ್ಣಿಗೇ
ತೂತಿನೊಳಗೆ ಮರಳು ತುಂಬಿತು.

ನಾನು ಹೊಸ ಹಾಳೆ ತೆಗೆದೆ.
ಗುಳಿ ೩೦೫.
ಕಡಿದವರು: ನಾವು.
ಬಣ್ಣ: ಇನ್ನೂ ಬಂದಿಲ್ಲ.