ಎಂಬತ್ತರ ವೇಗ

ದುರ್ಗಿಗುಡಿಯಲ್ಲಿ, ಸೈಕಲ್ ಶಾಪಿನ ಮಹಡಿ ಮೇಲೆ
ತುಕ್ಕೋಜಿರಾಯರ ಶೀಘ್ರಲಿಪಿ ಶಾಲೆ.
ಏಣಿಯಂಥ ಮೆಟ್ಟಿಲು, ಕೆಳಗಿನಿಂದ ಪಂಚರ್ ಸೊಲ್ಯೂಷನ್ನಿನ ವಾಸನೆ,
ಮೂರು ಟೈಪ್‌ರೈಟರು. ನನ್ನದರಲ್ಲಿ ‘ಳ’ ಏಳುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಹುಡುಗಿಗೆ ಎರಡೇ ದಾರಿ
ಎಂದಿದ್ದಳು ಸೋದರತ್ತೆ:
ಗಂಡು, ಇಲ್ಲವೇ ಕೀಲಿಮಣೆ.

“ಪ ಅಂದರೆ ಸಣ್ಣ ಗೀಟು. ಅದನ್ನೇ ಒತ್ತಿದರೆ ಬ.
ತ ಸಣ್ಣದು. ಒತ್ತಿದರೆ ದ.
ಲೋಕದ ಅರ್ಧ ವ್ಯತ್ಯಾಸ ಬರೀ ಒತ್ತಿನದು, ಚೂಡಾಮಣಿ,
ಪೆನ್ಸಿಲ್ ಚೂಪಿರಲಿ, ಕೈ ಹಗುರಿರಲಿ.”

ಮ ಒಂದು ಕಮಾನು, ನ ಒಂದು ಬಟ್ಟಲು.
ಸ್ವರಕ್ಕೆ ಪಕ್ಕದಲ್ಲೊಂದು ಚುಕ್ಕಿ;
ವೇಗ ಬಂದ ಮೇಲೆ ಅದೂ ಬೇಡ.
ಮಾನ, ಮನೆ, ಮೀನು, ಮೌನ
ಎಲ್ಲಕ್ಕೂ ಅದೇ ಕಮಾನು, ಅದೇ ಬಟ್ಟಲು.
“ಹಾಗಾದರೆ ಓದೋದು ಹೇಗೆ ಸಾರ್?” ಅಂದಳು ಜುಬೇದಾ.
“ಹಿಂದುಮುಂದಿನ ಮಾತು ನೋಡಿ. ಮನುಷ್ಯರನ್ನು ಓದೋ ಹಾಗೇ.”

ಸಂಜೆ ಆರಕ್ಕೆ ಉಕ್ತಲೇಖನ.
ಎಡಗೈಯಲ್ಲಿ ಗಡಿಯಾರ, ಕಣ್ಣು ಅದರ ಮೇಲೇ,
“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅಲ್ಪವಿರಾಮ
ತಮ್ಮ ಕಚೇರಿಯ ಜ್ಞಾಪನದನ್ವಯ...”
ಗಿರಣಿಯಲ್ಲಿ ಹಿಟ್ಟು ಬೀಳುವಂಥ ದನಿ.
ಭದ್ರಾವತಿಯ ರೈಲಿಳಿದು ಓಡಿಬಂದ ಸಾಲೊಮನ್‌ನ
ಏದುಸಿರೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತಿತ್ತು.

ಒಂದು ಸಂಜೆಯೂ ಹಾಗೇ. ಅದೇ ದನಿ, ಅದೇ ಎಂಬತ್ತು.
ಕೈ ಕೇಳಿಸಿಕೊಂಡಿತು, ನಾವು ಕೇಳಿರಲಿಲ್ಲ.
ಗೀಟುಗಳನ್ನು ಬಿಡಿಸುತ್ತಾ ಟೈಪಿಗೆ ಕೂತಾಗ
ಮೂರೂ ಯಂತ್ರಗಳು ಒಂದರ ಹಿಂದೊಂದು ನಿಂತವು.

ಪ್ರಿಯ ಅಂಬೂ,
ಏಳು ವರ್ಷದ ಹಿಂದಿನ ನಿನ್ನ ಪತ್ರಕ್ಕೆ
ತಡವಾಗಿ ಉತ್ತರಿಸುತ್ತಿರುವುದಕ್ಕೆ ವಿಷಾದವಿದೆ.
ತೊಟ್ಟಿಲನ್ನು ಮಾರಿಲ್ಲ. ಅಟ್ಟದ ಮೇಲಿದೆ.
ಮಗುವಿನ ಜ್ವರದಲ್ಲಿ ನಿನ್ನ ತಪ್ಪೇನೂ ಇರಲಿಲ್ಲವೆಂದು
ಅಂದೇ ಹೇಳಬೇಕಿತ್ತು.
ಮನೆಗೆ ಬಾ.

ರಾಯರು ಕಿಟಕಿಯಾಚೆ ಸೈಕಲ್ ಎಣಿಸುತ್ತಿದ್ದರು.
ಯಾರೂ ಏನೂ ಕೇಳಲಿಲ್ಲ. ಟೈಪ್ ಮಾಡಿ ಕೊಟ್ಟೆವು.
ಕೆಂಪು ಪೆನ್ಸಿಲ್ ಹಿಡಿದು ಎಂದಿನಂತೆ ತಿದ್ದಿದರು:
ಸಾಲೊಮನ್‌ಗೆ ಏಳು ತಪ್ಪು. ಜುಬೇದಾಗೆ ಸೊನ್ನೆ.
ನನ್ನ ಹಾಳೆಯ ಕೊನೆಯ ಸಾಲಿನಲ್ಲಿ
‘ಮೌನಕ್ಕೆ ಬಾ’ ಎಂದಿತ್ತು.
ಪೆನ್ಸಿಲ್ ಅದರ ಮೇಲೆ ತುಸು ಹೊತ್ತು ನಿಂತು, ಗುರುತು ಹಾಕದೆ
ಕಿವಿಯ ಹಿಂದಕ್ಕೆ ಹೋಯಿತು.
ಆಮೇಲೆ ಜೇಬಿನಿಂದ ಶಾಯಿ ಪೆನ್ನು ತೆಗೆದು
ಯಂತ್ರ ಬಿಟ್ಟ ಜಾಗಗಳಲ್ಲಿ ಒಂದೊಂದೇ ‘ಳ’ ಬರೆದರು,
ಕೂಸಿನ ಕಾಲಿಗೆ ಕಡಗ ತೊಡಿಸುವವರ ಹಾಗೆ.

ಮರುದಿನ ಕಡತದಲ್ಲಿ ಎರಡೇ ಹಾಳೆ ಇದ್ದವು.
ಅಂಚೆಗೆ ಬಿದ್ದದ್ದು ತನ್ನದೇ ಎಂದು
ಜುಬೇದಾ ಇವತ್ತಿಗೂ ವಾದಿಸುತ್ತಾಳೆ, ತಪ್ಪಿಲ್ಲದ್ದು ತಾನೇ ಅದೊಂದು.
ಕಡತ ಬಿಚ್ಚಿ ನೋಡುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಆರು ಗಂಟೆಗೆ ಮತ್ತೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ.
ಅವತ್ತಿನಿಂದ ನಾನು ಪ್ರತಿ ಮಾತಿಗೂ ಕಿವಿಗೊಟ್ಟೇ ಬರೆದೆ.
ಅದಕ್ಕೇ ಇರಬೇಕು,
ಸೀನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ.